ಡಿಎನ್‌ಎ ದುಪ್ಪಟ್ಟಾದರೂ ಕ್ರೋಮೋಸೋಮ್ 46 ಯಾಕೆ?

ಪ್ರಶ್ನೆ: ನಾನು ಕಾಲೇಜಿನಲ್ಲಿ ಜೀವಶಾಸ್ತ್ರ ಓದುತ್ತಿದ್ದೇನೆ. ಪ್ರೋಫೇಸ್, ಮೆಟಾಫೇಸ್, ಅನಾಫೇಸ್, ಟೆಲೋಫೇಸ್ ಎಲ್ಲಾ ಬಾಯಿಪಾಠ ಆಗಿದೆ. ಆದರೆ ಲ್ಯಾಬಿನಲ್ಲಿ ಈರುಳ್ಳಿ ಬೇರಿನ ಸ್ಲೈಡ್ ನೋಡಿದರೆ ಪುಸ್ತಕದ ಚಿತ್ರದಂತೆ ಒಂದೂ ಕಾಣುವುದಿಲ್ಲ. ಒಂದು ಹಂತ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಗುತ್ತದೆ? ಮತ್ತೊಂದು ಗೊಂದಲ: ವಿಭಜನೆಗೆ ಮುಂಚೆ ಡಿಎನ್‌ಎ ದುಪ್ಪಟ್ಟಾಗುತ್ತದೆ ಅಂತಾರೆ. ಆದರೂ ಮನುಷ್ಯರ ಕೋಶದಲ್ಲಿ ಕ್ರೋಮೋಸೋಮ್ 46 ಅಂತಲೇ ಬರೆದಿರುತ್ತದೆ. 92 ಆಗಬೇಕಿತ್ತು ಅಲ್ವಾ?

ಉತ್ತರ: ನಿಮ್ಮ ಎರಡನೇ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳೋಣ. ಅದು ಬಗೆಹರಿದರೆ ಮೊದಲನೆಯದು ಅರ್ಧ ಬಗೆಹರಿದ ಹಾಗೆ.

ಕ್ರೋಮೋಸೋಮ್ ಎಷ್ಟಿವೆ ಎಂದು ಎಣಿಸುವವರು ಕ್ರೋಮೋಸೋಮ್‌ನ ಸೊಂಟದಂತಿರುವ ಸೆಂಟ್ರೊಮಿಯರ್ ನೋಡಿ ಎಣಿಸುತ್ತಾರೆ. ಡಿಎನ್‌ಎ ಅಣು ಎಷ್ಟಿದೆ ಎಂದು ನೋಡುವುದಿಲ್ಲ. ಒಂದು ಹಾಳೆ, ಅದರದೇ ಒಂದು ಜೆರಾಕ್ಸ್ ಪ್ರತಿ, ಎರಡನ್ನೂ ಸೇರಿಸಿ ಒಂದು ಪಿನ್ ಹೊಡೆದಿದ್ದಾರೆ ಅಂದುಕೊಳ್ಳಿ. ಹಾಳೆ ಎರಡಿದ್ದರೂ ಕಟ್ಟು ಒಂದೇ. ಡಿಎನ್‌ಎ ನಕಲಾದ ಮೇಲೆ ಪ್ರತಿ ಕ್ರೋಮೋಸೋಮ್‌ನ ಸ್ಥಿತಿಯೂ ಹೀಗೆಯೇ. ಎರಡು ಪ್ರತಿಗಳೂ ಒಟ್ಟಿಗೆ ಅಂಟಿಕೊಂಡಿರುತ್ತವೆ. ಈ ಎರಡಕ್ಕೆ ಸೋದರಿ ಕ್ರೊಮ್ಯಾಟಿಡ್‌ಗಳು ಎಂದು ಹೆಸರು. ಅವು ಅಂಟಿಕೊಂಡಿರುವಷ್ಟು ಹೊತ್ತು ಜೋಡಿಯನ್ನು ಒಂದು ಕ್ರೋಮೋಸೋಮ್ ಎಂದೇ ಎಣಿಸುತ್ತೇವೆ. ಬಿಟ್ಟುಕೊಂಡ ಕ್ಷಣದಿಂದ ಒಂದೊಂದೂ ಸ್ವಂತ ಕ್ರೋಮೋಸೋಮ್.

ಈಗ ಲೆಕ್ಕ ಸುಲಭ. ನಕಲಾಗುವ ಮುಂಚೆ 46 ಕ್ರೋಮೋಸೋಮ್, 46 ಡಿಎನ್‌ಎ ಅಣು. ನಕಲಾದ ಮೇಲೆ 46 ಕ್ರೋಮೋಸೋಮ್, 92 ಡಿಎನ್‌ಎ ಅಣು. ಅನಾಫೇಸ್‌ನಲ್ಲಿ ಜೋಡಿಗಳು ಬಿಟ್ಟುಕೊಂಡಾಗ ಕ್ರೋಮೋಸೋಮ್ 92, ಡಿಎನ್‌ಎ ಅಣುವೂ 92. ಕೋಶ ಎರಡಾದ ಮೇಲೆ ಒಂದೊಂದಕ್ಕೆ ಮತ್ತೆ 46, 46. ಅಂದರೆ ನಿಮ್ಮ 92 ಸುಳ್ಳಲ್ಲ. ಅದು ಬರುವುದು ನೀವು ಅಂದುಕೊಂಡ ಜಾಗದಲ್ಲಲ್ಲ, ಸ್ವಲ್ಪ ತಡವಾಗಿ. ಪರೀಕ್ಷೆಯಲ್ಲಿ "ಅನಾಫೇಸ್‌ನಲ್ಲಿ ಎಷ್ಟು" ಎಂದು ಕೇಳುವುದು ಇದೇ ಕಾರಣಕ್ಕೆ.

ಈ 46 ಅನ್ನುವ ಸಂಖ್ಯೆಯೇ ಸುಲಭವಾಗಿ ಸಿಕ್ಕಿದ್ದಲ್ಲ. 1920ರ ದಶಕದಿಂದ ಮೂವತ್ತು ವರ್ಷಕ್ಕೂ ಜಾಸ್ತಿ ಕಾಲ ಮನುಷ್ಯರಲ್ಲಿ 48 ಕ್ರೋಮೋಸೋಮ್ ಎಂದೇ ಪುಸ್ತಕಗಳಲ್ಲಿ ಅಚ್ಚಾಗುತ್ತಿತ್ತು. ಒಂದರ ಮೇಲೊಂದು ಬಿದ್ದ ಎಳೆಗಳನ್ನು ಎಣಿಸುವುದು ಅಷ್ಟು ಕಷ್ಟ. 1956ರಲ್ಲಿ ಸ್ವೀಡನ್ನಿನ ಲುಂಡ್‌ನಲ್ಲಿ ಜೋ ಹಿನ್ ಟಿಯೋ ಮತ್ತು ಆಲ್ಬರ್ಟ್ ಲೆವಾನ್ ಎರಡು ಉಪಾಯ ಒಟ್ಟಿಗೆ ಬಳಸಿದರು. ಕಾಲ್ಚಿಸಿನ್ ಎಂಬ ಔಷಧಿ ಹಾಕಿ ಕೋಶಗಳನ್ನು ವಿಭಜನೆಯ ನಡುವೆ ತಡೆದರು. ಉಪ್ಪಿನಂಶ ಕಡಿಮೆ ಇರುವ ದ್ರವದಲ್ಲಿಟ್ಟು ಕೋಶಗಳನ್ನು ಉಬ್ಬಿಸಿದರು. ಕ್ರೋಮೋಸೋಮ್‌ಗಳು ಬಿಡಿಬಿಡಿಯಾಗಿ ಹರಡಿಕೊಂಡವು. ಎಣಿಸಿದರೆ 46.

ಇನ್ನು ಹಂತಗಳ ವಿಷಯ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕೋಶಕ್ಕೆ ಈ ನಾಲ್ಕು ಹೆಸರು ಗೊತ್ತಿಲ್ಲ. ಅದು ನಿಲ್ಲದೆ ನಡೆಯುವ ಒಂದೇ ಕೆಲಸ. ಜರ್ಮನಿಯ ಕೀಲ್‌ನಲ್ಲಿದ್ದ ವಾಲ್ಟರ್ ಫ್ಲೆಮಿಂಗ್ 1882ರ ಹೊತ್ತಿಗೆ ಸ್ಯಾಲಮಾಂಡರ್ ಮರಿಗಳ ಕೋಶಗಳಿಗೆ ಬಣ್ಣ ಹಾಕಿ ಇದನ್ನು ವಿವರವಾಗಿ ಚಿತ್ರಿಸಿದರು. ಬಣ್ಣ ಹಾಕಿದ ಕೋಶ ಸತ್ತ ಕೋಶ. ಅದು ಎಲ್ಲಿತ್ತೋ ಅಲ್ಲೇ ನಿಂತಿರುತ್ತದೆ. ಅಂಥ ಎಷ್ಟೋ ಕೋಶಗಳನ್ನು ನೋಡಿ, ಜೀವಂತ ಕೋಶಗಳ ಜೊತೆ ತಾಳೆ ಹಾಕಿ, ಯಾವುದು ಮೊದಲು ಯಾವುದು ಆಮೇಲೆ ಎಂದು ಜೋಡಿಸಬೇಕಿತ್ತು. ಹಂತಗಳ ಹೆಸರು ಹುಟ್ಟಿದ್ದೇ ಈ ಜೋಡಿಸುವ ಅನುಕೂಲಕ್ಕೆ. ಹಾಗಾಗಿ "ಇದು ಪ್ರೋಫೇಸ್ ಕೊನೆಯೋ ಮೆಟಾಫೇಸ್ ಶುರುವೋ" ಎಂದು ನೀವು ತಲೆ ಕೆರೆದುಕೊಂಡಿದ್ದರೆ ಅದು ನಿಮ್ಮ ದಡ್ಡತನ ಅಲ್ಲ. ಗೆರೆ ನಿಜವಾಗಿಯೂ ಮಸುಕು.

ಆದರೆ ಇಡೀ ದಾರಿಯಲ್ಲಿ ಎರಡು ಕಡೆ ಗೆರೆ ಗಟ್ಟಿಯಾಗಿದೆ. ಒಂದು, ನ್ಯೂಕ್ಲಿಯಸ್ಸಿನ ಪೊರೆ ಒಡೆಯುವುದು. ಇನ್ನೊಂದು, ಸೋದರಿ ಕ್ರೊಮ್ಯಾಟಿಡ್‌ಗಳ ಅಂಟು ಕತ್ತರಿಸುವುದು. ನನ್ನ ಪ್ರಕಾರ ನಾಲ್ಕು ಹೆಸರು ಉರು ಹೊಡೆಯುವುದಕ್ಕಿಂತ ಈ ಎರಡು ಘಟನೆಗಳನ್ನು ಹಿಡಿದುಕೊಂಡು, ಆ ಜೋಡಿಗಳು ಏನಾಗುತ್ತಿವೆ ಎಂದು ಹಿಂಬಾಲಿಸುವುದು ಒಳ್ಳೆಯದು. ಹಾಗೇ ಒಮ್ಮೆ ನೋಡೋಣ.

ವಿಭಜನೆಗೆ ಮುಂಚಿನ ಕಾಲ ಇಂಟರ್‌ಫೇಸ್. ಇದನ್ನು "ವಿಶ್ರಾಂತಿ" ಎಂದು ಕೆಲವರು ಈಗಲೂ ಬರೆಯುತ್ತಾರೆ. ದಯವಿಟ್ಟು ಬರೆಯಬೇಡಿ. ಲ್ಯಾಬಿನಲ್ಲಿ ಬೆಳೆಸುವ ಮನುಷ್ಯರ ಕೋಶದ ಒಂದು ಸುತ್ತು ಸುಮಾರು 24 ಗಂಟೆ ಅಂದುಕೊಂಡರೆ, ಮೈಟಾಸಿಸ್‌ಗೆ, ಅಂದರೆ ನ್ಯೂಕ್ಲಿಯಸ್ ಎರಡಾಗುವ ಈ ವಿಭಜನೆಗೆ, ಹೋಗುವುದು ಬರೀ ಒಂದು ಗಂಟೆಯ ಆಸುಪಾಸು. ಉಳಿದ ಹೊತ್ತೆಲ್ಲಾ ಕೋಶ ಬೆಳೆಯುತ್ತಾ, ಪ್ರೋಟೀನ್ ಮಾಡುತ್ತಾ, ಡಿಎನ್‌ಎ ನಕಲು ಮಾಡುತ್ತಾ ಇರುತ್ತದೆ. ಜಿ1, ಎಸ್, ಜಿ2 ಎಂದು ಅದನ್ನು ಮೂರು ಭಾಗ ಮಾಡುತ್ತಾರೆ. ನಕಲು ನಡೆಯುವುದು ನಡುವಿನ ಎಸ್ ಭಾಗದಲ್ಲಿ. ಅದಕ್ಕೇ ಹಲವು ಗಂಟೆ ಬೇಕು. ನಕಲಾಗುತ್ತಿದ್ದ ಹಾಗೇ ಎರಡು ಪ್ರತಿಗಳ ಸುತ್ತ ಕೊಹೆಸಿನ್ ಎಂಬ ಪ್ರೋಟೀನ್ ಉಂಗುರಗಳು ಕೂತು ಅವನ್ನು ಒಟ್ಟಿಗೆ ಹಿಡಿಯುತ್ತವೆ. ನಾನು ಮೇಲೆ ಹೇಳಿದ ಪಿನ್ ಇದೇ. ಮುಂದೆ ನಡೆಯುವುದೆಲ್ಲಾ ಈ ಕೊಹೆಸಿನ್ ಕಥೆ ಎಂದರೂ ತಪ್ಪಿಲ್ಲ.

ಪ್ರೋಫೇಸ್‌ನಲ್ಲಿ ಮುಖ್ಯ ಕೆಲಸ ಸುತ್ತಿ ಗಟ್ಟಿ ಮಾಡುವುದು. ಮನುಷ್ಯರ ಒಂದು ಕೋಶದ ಡಿಎನ್‌ಎಯನ್ನು ಬಿಡಿಸಿ ಸಾಲಾಗಿ ಇಟ್ಟರೆ ಸುಮಾರು 2 ಮೀಟರ್ ಬರುತ್ತದೆ. ಅದು ಕೂತಿರುವ ನ್ಯೂಕ್ಲಿಯಸ್ ಮಿಲಿಮೀಟರಿನ ಸುಮಾರು ನೂರನೇ ಒಂದು ಭಾಗ ಅಗಲ. ಬಿಚ್ಚಿಕೊಂಡ ಸ್ಥಿತಿಯಲ್ಲೇ ಅದನ್ನು ಎರಡು ಕಡೆಗೆ ಎಳೆದರೆ ಸಿಕ್ಕಾಗಿ ಹರಿದೇ ಹೋಗುತ್ತದೆ. ಹಾಗಾಗಿ ಕಂಡೆನ್ಸಿನ್ ಎಂಬ ಇನ್ನೊಂದು ಪ್ರೋಟೀನ್ ಗುಂಪು ಡಿಎನ್‌ಎಯನ್ನು ಕುಣಿಕೆ ಕುಣಿಕೆಯಾಗಿ ಮಡಚಿ ಗಿಡ್ಡ ಮಾಡುತ್ತದೆ. ಸೂಕ್ಷ್ಮದರ್ಶಕದಲ್ಲಿ ಎಳೆಗಳು ಮೊದಲ ಸಲ ಕಣ್ಣಿಗೆ ಬೀಳುವುದು ಆಗಲೇ. ನ್ಯೂಕ್ಲಿಯಸ್ ಒಳಗಿನ ದುಂಡು ಚುಕ್ಕೆ, ಅಂದರೆ ನ್ಯೂಕ್ಲಿಯೋಲಸ್, ಮಾಯವಾಗುತ್ತದೆ. ಪ್ರಾಣಿಕೋಶದಲ್ಲಾದರೆ ಎರಡು ಸೆಂಟ್ರೊಸೋಮ್‌ಗಳು ದೂರ ಸರಿದು, ನಡುವೆ ಸ್ಪಿಂಡಲ್ ಕಟ್ಟಲು ಶುರು ಮಾಡುತ್ತವೆ. ಪ್ರೋಫೇಸ್ ಆರಂಭದಲ್ಲಿ ಕೋಶಕ್ಕೆ ಏನಾದರೂ ಪೆಟ್ಟು ಬಿದ್ದರೆ ಅದು ಎಳೆಗಳನ್ನು ಮತ್ತೆ ಬಿಚ್ಚಿ ಹಿಂದಕ್ಕೂ ಹೋಗಬಹುದು. ಇನ್ನೂ ಏನೂ ಕೈಮೀರಿಲ್ಲ.

ಆಮೇಲೆ ಬರುತ್ತದೆ ಮೊದಲ ಗಟ್ಟಿ ಗೆರೆ. ನ್ಯೂಕ್ಲಿಯಸ್ಸಿನ ಪೊರೆಗೆ ಒಳಗಿನಿಂದ ಆಸರೆ ಕೊಡುವ ಲ್ಯಾಮಿನ್ ಪ್ರೋಟೀನ್‌ಗಳಿಗೆ ಫಾಸ್ಫೇಟ್ ಅಂಟಿಕೊಂಡು ಆಸರೆ ಕಳಚಿ ಬೀಳುತ್ತದೆ, ಪೊರೆ ಚೂರಾಗುತ್ತದೆ. ಇದನ್ನೆಲ್ಲಾ ಮಾಡಿಸುವ ಮುಖ್ಯ ಕಿಣ್ವ ಸಿಡಿಕೆ1. ಅದು ಸೈಕ್ಲಿನ್ ಎಂಬ ಪ್ರೋಟೀನ್ ಜೊತೆ ಸೇರಿದಾಗ ಮಾತ್ರ ಕೆಲಸ ಮಾಡುತ್ತದೆ. ಈ ವ್ಯವಸ್ಥೆಯನ್ನು ಬಿಡಿಸಿದ್ದಕ್ಕೆ ಲೀಲ್ಯಾಂಡ್ ಹಾರ್ಟ್‌ವೆಲ್, ಟಿಮ್ ಹಂಟ್, ಪಾಲ್ ನರ್ಸ್ ಮೂವರಿಗೆ 2001ರ ನೊಬೆಲ್ ಬಂತು. ಪೊರೆ ಒಡೆದ ಮೇಲಿನ ಈ ಅವಧಿಗೆ ಪ್ರೊಮೆಟಾಫೇಸ್ ಎಂದು ಬೇರೆ ಹೆಸರಿದೆ. ನಾಲ್ಕೇ ಹಂತ ಹೇಳುವ ಪುಸ್ತಕಗಳು ಇದನ್ನು ಪ್ರೋಫೇಸ್‌ಗೆ ಸೇರಿಸಿಬಿಡುತ್ತವೆ. ನನಗೆ ಅದು ಅಷ್ಟು ಸರಿ ಅನ್ನಿಸುವುದಿಲ್ಲ. ಮೈಟಾಸಿಸ್‌ನಲ್ಲಿ ಅತಿ ಸ್ವಾರಸ್ಯದ ಕೆಲಸ ನಡೆಯುವುದೇ ಇಲ್ಲಿ.

ಆ ಕೆಲಸ ಏನು? ಸ್ಪಿಂಡಲ್ ಎಂದರೆ ಮೈಕ್ರೋಟ್ಯೂಬ್ಯೂಲ್ ಎಂಬ ಪ್ರೋಟೀನ್ ಕೊಳವೆಗಳ ರಾಶಿ. ಒಂದೊಂದು ಕೊಳವೆ 25 ನ್ಯಾನೊಮೀಟರ್ ದಪ್ಪ. ಇವು ಸುಮ್ನೆ ನಿಂತಿರುವುದಿಲ್ಲ. ಉದ್ದ ಬೆಳೆಯುತ್ತವೆ, ಇದ್ದಕ್ಕಿದ್ದಂತೆ ಕುಸಿದು ಗಿಡ್ಡವಾಗುತ್ತವೆ, ಮತ್ತೆ ಇನ್ನೊಂದು ದಿಕ್ಕಿಗೆ ಬೆಳೆಯುತ್ತವೆ. ಹೀಗೆ ತಡಕಾಡುತ್ತಾ ಇರುವಾಗ ಒಂದು ಕೊಳವೆ ಕ್ರೋಮೋಸೋಮ್‌ನ ಸೆಂಟ್ರೊಮಿಯರ್ ಮೇಲಿರುವ ಕೈನೆಟೊಕೋರ್ ಎಂಬ ಪ್ರೋಟೀನ್ ಹಿಡಿಕೆಗೆ ತಗುಲಿದರೆ ಹಿಡಿತ ಸಿಗುತ್ತದೆ. ಪ್ರತಿ ಜೋಡಿಗೆ ಎರಡು ಕೈನೆಟೊಕೋರ್, ಒಂದಕ್ಕೊಂದು ಬೆನ್ನು ಹಾಕಿಕೊಂಡು. ಒಂದನ್ನು ಈ ಧ್ರುವದ (ಸ್ಪಿಂಡಲ್‌ನ ಈ ತುದಿಯ) ಕೊಳವೆ ಹಿಡಿಯಬೇಕು, ಇನ್ನೊಂದನ್ನು ಆ ಧ್ರುವದ್ದು.

ಶುರುವಿನಲ್ಲಿ ತಪ್ಪು ಹಿಡಿತ ಬೇಕಾದಷ್ಟು ಆಗುತ್ತವೆ. ಎರಡೂ ಒಂದೇ ಧ್ರುವಕ್ಕೆ ಸಿಕ್ಕಿಕೊಳ್ಳುವುದೂ ಉಂಟು. ಸರಿ ತಪ್ಪು ಕೋಶಕ್ಕೆ ಹೇಗೆ ಗೊತ್ತಾಗಬೇಕು? ಎಳೆತದಿಂದ. ಎರಡು ಕಡೆಯಿಂದ ಎಳೆದಾಗ ಜೋಡಿ ಬಿಗಿಯುತ್ತದೆ, ಯಾಕೆಂದರೆ ನಡುವೆ ಕೊಹೆಸಿನ್ ಹಿಡಿದುಕೊಂಡಿದೆ. ಒಂದೇ ಕಡೆಯಿಂದ ಎಳೆದರೆ ಬಿಗಿಯುವುದಿಲ್ಲ. ಬಿಗಿ ಇಲ್ಲದ ಹಿಡಿತವನ್ನು ಅರೋರಾ ಬಿ ಎಂಬ ಕಿಣ್ವ ಬಿಡಿಸಿಬಿಡುತ್ತದೆ. ಮತ್ತೆ ಹುಡುಕಾಟ. ನಕಲಾದ ತಕ್ಷಣ ಎರಡು ಪ್ರತಿಗಳು ಯಾಕೆ ಬೇರೆಯಾಗುವುದಿಲ್ಲ ಎನ್ನುವುದಕ್ಕೆ ಉತ್ತರ ಇಲ್ಲಿದೆ. ಜೋಡಿಯಾಗಿ ಕಟ್ಟಿಹಾಕಿದ್ದರಿಂದಲೇ ಹಂಚಿಕೆ ಸರಿಯಾಗಿದೆಯಾ ಎಂದು ಪರೀಕ್ಷಿಸಲು ಆಗುತ್ತದೆ. ಮೊದಲೇ ಬಿಟ್ಟಿದ್ದರೆ 92 ಎಳೆಗಳಲ್ಲಿ ಯಾವುದು ಯಾವುದರ ಪ್ರತಿ ಎಂದು ಗುರುತಿಸುವ ದಾರಿಯೇ ಇರುತ್ತಿರಲಿಲ್ಲ.

ಎಲ್ಲಾ ಜೋಡಿಗಳೂ ನಡುಮಧ್ಯದಲ್ಲಿ ಸಾಲಾಗಿ ನಿಂತರೆ ಅದೇ ಮೆಟಾಫೇಸ್. ನೋಡಲು ಶಾಂತ. ಆದರೆ ಒಳಗೆ ಕಾವಲು ಜೋರಾಗಿರುತ್ತದೆ. ಒಂದೇ ಒಂದು ಕೈನೆಟೊಕೋರ್ ಖಾಲಿ ಇದ್ದರೂ ಅದು "ತಡಿ" ಎಂಬ ಸಂಕೇತ ಕಳಿಸುತ್ತದೆ, ಇಡೀ ಕೋಶ ಕಾಯುತ್ತದೆ. ಇದನ್ನು ಚಂದವಾಗಿ ತೋರಿಸಿದ್ದು 1995ರಲ್ಲಿ ಕಾನ್ಲಿ ರೀಡರ್ ಮತ್ತು ಸಂಗಡಿಗರು. ಅವರು ಪೊಟೊರೂ ಎಂಬ ಕಾಂಗರೂ ಜಾತಿಯ ಸಣ್ಣ ಪ್ರಾಣಿಯ ಮೂತ್ರಪಿಂಡದ ಕೋಶಗಳನ್ನು ತೆಗೆದುಕೊಂಡರು. ಅವುಗಳಲ್ಲಿ ಕ್ರೋಮೋಸೋಮ್ ಕಡಿಮೆ, ಇರುವವು ದೊಡ್ಡವು. ಜೊತೆಗೆ ವಿಭಜನೆ ಹೊತ್ತಿನಲ್ಲೂ ಈ ಕೋಶ ಚಪ್ಪಟೆಯಾಗಿಯೇ ಇರುತ್ತದೆ, ನೋಡಲು ಅನುಕೂಲ. ಒಂದು ಕೋಶದಲ್ಲಿ ಕೊನೆಯ ಒಂದು ಕೈನೆಟೊಕೋರ್ ಮಾತ್ರ ಹಿಡಿತ ಸಿಗದೆ ಉಳಿದಿದ್ದಾಗ ಲೇಸರ್‌ನಿಂದ ಅದನ್ನೇ ಸುಟ್ಟರು. ಆ ಕ್ರೋಮೋಸೋಮ್ ಸರಿಯಾಗಿ ಸಿಕ್ಕಿಕೊಂಡಿರಲೇ ಇಲ್ಲ. ಆದರೂ ಕೋಶ ಅನಾಫೇಸ್‌ಗೆ ಹೊರಟೇಬಿಟ್ಟಿತು. ತಡೆ ಹಿಡಿದಿದ್ದು ಆ ಖಾಲಿ ಕೈನೆಟೊಕೋರೇ ಎಂದು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವುದು ಕಷ್ಟ.

ಕ್ಯಾನ್ಸರಿನ ಕೆಲವು ಔಷಧಿಗಳು ಆಟ ಆಡುವುದು ಈ ಕಾವಲಿನ ಮೇಲೆಯೇ. ನಿತ್ಯಪುಷ್ಪ ಗಿಡದಿಂದ ಬಂದ ವಿನ್‌ಕ್ರಿಸ್ಟಿನ್ ಮೈಕ್ರೋಟ್ಯೂಬ್ಯೂಲ್ ಕಟ್ಟದಂತೆ ತಡೆಯುತ್ತದೆ. ಯೂ ಮರದ ತೊಗಟೆಯಲ್ಲಿ ಮೊದಲು ಸಿಕ್ಕ ಟ್ಯಾಕ್ಸಾಲ್ ತದ್ವಿರುದ್ಧ, ಕಟ್ಟಿದ್ದು ಕುಸಿಯದಂತೆ ತಡೆಯುತ್ತದೆ. ಬೆಳೆದು ಕುಸಿಯುವ ಆಟ ನಿಂತರೆ ಸರಿಯಾದ ಹಿಡಿತ ಸಿಗುವುದಿಲ್ಲ, ಹಾಗಾಗಿ ಎರಡರಿಂದಲೂ ಕೋಶ ವಿಭಜನೆ ಮುಗಿಸಲಾಗದೆ ಒದ್ದಾಡುತ್ತದೆ. ಬೇಗ ಬೇಗ ವಿಭಜನೆ ಆಗುವ ಆರೋಗ್ಯವಂತ ಕೋಶಗಳಿಗೂ ಈ ಪೆಟ್ಟು ತಪ್ಪಿದ್ದಲ್ಲ. ವಿನ್‌ಕ್ರಿಸ್ಟಿನ್ ತೆಗೆದುಕೊಂಡವರಿಗೆ ಕೈಕಾಲು ಜೋಮು ಹಿಡಿಯುವುದು ಮಾತ್ರ ಬೇರೆ ಕಾರಣಕ್ಕೆ. ನರಕೋಶ ವಿಭಜನೆ ಆಗದಿದ್ದರೂ ಅದರ ಉದ್ದನೆಯ ಎಳೆಯೊಳಗೆ ಸಾಗಾಟ ನಡೆಯುವುದು ಇದೇ ಮೈಕ್ರೋಟ್ಯೂಬ್ಯೂಲ್ ಮೇಲೆ.

ಎಲ್ಲಾ ಹಿಡಿತ ಸರಿಯಾಯಿತು, ತಡೆ ಸಂಕೇತ ನಿಂತಿತು. ಈಗ ಎರಡನೇ ಗಟ್ಟಿ ಗೆರೆ. ಕೋಶದಲ್ಲಿ ಸೆಪರೇಸ್ ಎಂಬ ಕತ್ತರಿಸುವ ಕಿಣ್ವ ಮೊದಲಿನಿಂದಲೂ ಇದೆ, ಆದರೆ ಸೆಕ್ಯೂರಿನ್ ಎಂಬ ಪ್ರೋಟೀನ್ ಅದನ್ನು ಅದುಮಿ ಹಿಡಿದಿರುತ್ತದೆ. ಎಪಿಸಿ ಎಂಬ ದೊಡ್ಡ ಪ್ರೋಟೀನ್ ಕೂಟ ಸೆಕ್ಯೂರಿನ್‌ಗೆ ನಾಶದ ಗುರುತು ಹಾಕುತ್ತದೆ, ಸೈಕ್ಲಿನ್‌ಗೂ ಹಾಕುತ್ತದೆ. ಬಿಡುಗಡೆಯಾದ ಸೆಪರೇಸ್ ಉಳಿದ ಕೊಹೆಸಿನ್ ಉಂಗುರಗಳನ್ನು ಕತ್ತರಿಸುತ್ತದೆ. ಎಲ್ಲಾ ಜೋಡಿಗಳೂ ಹೆಚ್ಚೂಕಡಿಮೆ ಒಟ್ಟಿಗೇ ಬಿಟ್ಟುಕೊಳ್ಳುತ್ತವೆ. ಇದೇ ಅನಾಫೇಸ್. ಕತ್ತರಿಸಿದ ಪ್ರೋಟೀನ್ ಮತ್ತೆ ಕೂಡುವುದಿಲ್ಲ, ಆದ್ದರಿಂದ ಇಲ್ಲಿಂದ ವಾಪಸ್ ದಾರಿ ಇಲ್ಲ. ಬಿಟ್ಟುಕೊಂಡ ಕ್ರೋಮೋಸೋಮ್‌ಗಳು ನಿಮಿಷಕ್ಕೆ ಸುಮಾರು ಒಂದು ಮೈಕ್ರೋಮೀಟರ್ ವೇಗದಲ್ಲಿ ಧ್ರುವಗಳ ಕಡೆ ಹೋಗುತ್ತವೆ. ಜೊತೆಗೆ ಧ್ರುವಗಳೂ ಒಂದರಿಂದ ಒಂದು ದೂರ ಸರಿಯುತ್ತವೆ.

"ಉಳಿದ ಕೊಹೆಸಿನ್" ಎಂದೆ. ಅದಕ್ಕೊಂದು ಕಾರಣ ಇದೆ. ಬೆನ್ನೆಲುಬಿರುವ ಪ್ರಾಣಿಗಳಲ್ಲಿ ಕ್ರೋಮೋಸೋಮ್ ತೋಳುಗಳ ಮೇಲಿನ ಬಹುಪಾಲು ಕೊಹೆಸಿನ್ ಪ್ರೋಫೇಸ್ ಹೊತ್ತಿಗೇ ಕಳಚಿಕೊಳ್ಳುತ್ತದೆ. ಸೆಂಟ್ರೊಮಿಯರ್ ಹತ್ತಿರದ್ದು ಮಾತ್ರ ರಕ್ಷಣೆಯಲ್ಲಿ ಉಳಿಯುತ್ತದೆ. ತೋಳುಗಳು ಬಿಟ್ಟುಕೊಂಡು ನಡು ಮಾತ್ರ ಅಂಟಿಕೊಂಡಾಗ ಬರುವ ಆಕಾರವೇ ಎಲ್ಲರಿಗೂ ಗೊತ್ತಿರುವ ಆ ಕತ್ತರಿ ಗುರುತಿನ ಕ್ರೋಮೋಸೋಮ್. ಜಾಹೀರಾತಿನಿಂದ ಪುಸ್ತಕದ ಮುಖಪುಟದವರೆಗೆ ಅದೇ ಚಿತ್ರ. ಆದರೆ ಕ್ರೋಮೋಸೋಮ್ ಹಾಗೆ ಕಾಣುವುದು ತೀರಾ ಸ್ವಲ್ಪ ಹೊತ್ತು. ಅಷ್ಟು ಸ್ಪಷ್ಟವಾಗಿ ಕಾಣಬೇಕಾದರೆ ಔಷಧಿ ಹಾಕಿ ಕೋಶವನ್ನು ಮೆಟಾಫೇಸ್‌ನಲ್ಲಿ ನಿಲ್ಲಿಸಿರಬೇಕು. ನಿಮ್ಮ ಲೆಕ್ಕದ ಗೊಂದಲಕ್ಕೆ ಈ ಚಿತ್ರವೂ ಒಂದು ಕಾರಣ ಇರಬಹುದು. ಅದರಲ್ಲಿರುವುದು ಒಂದು ಕ್ರೋಮೋಸೋಮ್, ಎರಡು ಡಿಎನ್‌ಎ ಅಣು.

ಟೆಲೋಫೇಸ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಪ್ರೋಫೇಸ್‌ನಲ್ಲಿ ಆದದ್ದು ತಿರುಗುಮುರುಗಾಗಿ ಆಗುತ್ತದೆ. ಎಳೆಗಳು ಸಡಿಲವಾಗುತ್ತವೆ, ಎರಡು ಗುಂಪಿನ ಸುತ್ತಲೂ ಪೊರೆ ಬರುತ್ತದೆ, ನ್ಯೂಕ್ಲಿಯೋಲಸ್ ಮತ್ತೆ ಕಾಣುತ್ತದೆ.

ಕೋಶ ಎರಡಾಗುವುದು, ಅಂದರೆ ಸೈಟೋಕೈನೆಸಿಸ್, ಬೇರೆಯೇ ಕೆಲಸ. ಅದನ್ನು ಮೈಟಾಸಿಸ್‌ನ ಐದನೇ ಹಂತ ಎಂದು ಬರೆಯಬೇಡಿ. ಪ್ರಾಣಿಕೋಶದಲ್ಲಿ ಆಕ್ಟಿನ್ ಮತ್ತು ಮಯೋಸಿನ್ ಎಂಬ ಪ್ರೋಟೀನ್‌ಗಳ ಪಟ್ಟಿಯೊಂದು ಪೊರೆಯ ಒಳಗಡೆ ಬಿಗಿಯುತ್ತಾ ಹೋಗಿ ಹೊರಗಿನಿಂದ ಒಳಕ್ಕೆ ಕಡಿಯುತ್ತದೆ. ಸಸ್ಯಕೋಶಕ್ಕೆ ಗಟ್ಟಿ ಗೋಡೆ ಇದೆ, ಬಿಗಿಯಲು ಆಗುವುದಿಲ್ಲ. ಅಲ್ಲಿ ಗಾಲ್ಗಿ ಎಂಬ ಕೋಶದ ಭಾಗದಿಂದ ಬಂದ ಸಣ್ಣ ಚೀಲಗಳು ನಡುವೆ ಸೇರಿ ಒಳಗಿನಿಂದ ಹೊರಕ್ಕೆ ಹೊಸ ಗೋಡೆ ಕಟ್ಟುತ್ತವೆ. ಈ ಎರಡು ಕೆಲಸಗಳು ಬೇರೆ ಬೇರೆ ಎನ್ನುವುದಕ್ಕೆ ಹಣ್ಣುನೊಣದ ಭ್ರೂಣವೇ ಸಾಕ್ಷಿ. ಅಲ್ಲಿ ನ್ಯೂಕ್ಲಿಯಸ್ 13 ಸಲ ವಿಭಜನೆ ಆಗುತ್ತದೆ, ಮೊದಮೊದಲು ಹತ್ತು ನಿಮಿಷದೊಳಗೆ ಒಂದು ಸಲ. ಆದರೂ ಕೋಶ ಮಾತ್ರ ಒಂದೇ ಆಗಿರುತ್ತದೆ. ಸಾವಿರಾರು ನ್ಯೂಕ್ಲಿಯಸ್ ಒಂದೇ ಚೀಲದಲ್ಲಿ. ನಡುವೆ ಕೋಶಪೊರೆಗಳು ಬರುವುದು ಆಮೇಲೆ. ಅಂದಹಾಗೆ, ನ್ಯೂಕ್ಲಿಯಸ್ಸಿನ ಪೊರೆ ಒಡೆಯುವುದೂ ಎಲ್ಲಾ ಜೀವಿಗಳಲ್ಲಿ ನಡೆಯುವುದಿಲ್ಲ. ಯೀಸ್ಟ್ ತನ್ನ ಸ್ಪಿಂಡಲನ್ನು ನ್ಯೂಕ್ಲಿಯಸ್ ಒಳಗೇ ಕಟ್ಟಿಕೊಂಡು ಕೆಲಸ ಮುಗಿಸುತ್ತದೆ.

ಈಗ ನಿಮ್ಮ ಸ್ಲೈಡ್. ಈರುಳ್ಳಿಯಲ್ಲಿ 16 ಕ್ರೋಮೋಸೋಮ್, ಸಾಕಷ್ಟು ದೊಡ್ಡವು, ಅದಕ್ಕೇ ಅದನ್ನು ಆರಿಸುತ್ತಾರೆ. ಸ್ಲೈಡಿನಲ್ಲಿ ಬಹುಪಾಲು ಕೋಶಗಳು ಇಂಟರ್‌ಫೇಸ್‌ನಲ್ಲೇ ಇರುತ್ತವೆ. ಮೇಲಿನ ಸಮಯದ ಲೆಕ್ಕ ನೋಡಿದರೆ ಇದರಲ್ಲಿ ಆಶ್ಚರ್ಯ ಇಲ್ಲ. ಬಣ್ಣ ಸಮನಾಗಿ ಹರಡಿ, ಒಳಗೆ ನ್ಯೂಕ್ಲಿಯೋಲಸ್ ದುಂಡಗೆ ಕಂಡರೆ ಇಂಟರ್‌ಫೇಸ್. ನೂಲಿನಂಥ ಎಳೆಗಳು ಕಂಡು, ಆದರೆ ಗುಂಪಿನ ಅಂಚು ಇನ್ನೂ ದುಂಡಗೆ ಇದ್ದರೆ ಪ್ರೋಫೇಸ್. ಅಂಚು ಹೋಗಿ ಎಳೆಗಳು ಅಡ್ಡಾದಿಡ್ಡಿ ಬಿದ್ದಿದ್ದರೆ ಪೊರೆ ಒಡೆದಿದೆ.

ಮೆಟಾಫೇಸ್‌ನಲ್ಲಿ ತುಂಬಾ ಜನ ಮೋಸ ಹೋಗುತ್ತಾರೆ. ಪುಸ್ತಕದಲ್ಲಿ ಅದು ಯಾವಾಗಲೂ ನೆಟ್ಟಗಿನ ಗೆರೆ. ನಿಜದಲ್ಲಿ ಅದು ಒಂದು ತಟ್ಟೆಯಾಕಾರದ ಹರವು. ಪಕ್ಕದಿಂದ ನೋಡಿದರೆ ಗೆರೆ, ಧ್ರುವದ ಕಡೆಯಿಂದ ನೋಡಿದರೆ ವೃತ್ತ. ತೋಳುಗಳು ಸುತ್ತಲೂ ಚಾಚಿಕೊಂಡ ನಕ್ಷತ್ರದ ಆಕಾರ ಕಂಡರೆ ಅದು ಪ್ರೋಫೇಸ್ ಎಂದು ಬರೆದುಬಿಡುತ್ತಾರೆ. ಅದು ಮೇಲಿನಿಂದ ಕಂಡ ಮೆಟಾಫೇಸ್. ಅನಾಫೇಸ್ ಗುರುತಿಸುವುದು ಸುಲಭ. ಎರಡು ಗುಂಪು, ಸೆಂಟ್ರೊಮಿಯರ್ ಮುಂದೆ, ತೋಳುಗಳು ಹಿಂದೆ ಜೋತುಬಿದ್ದು. ಟೆಲೋಫೇಸ್ ಮತ್ತು ಸುಮ್ನೆ ಅಕ್ಕಪಕ್ಕ ಇರುವ ಎರಡು ಕೋಶಗಳ ನಡುವೆ ಗೊಂದಲ ಬಂದರೆ ನ್ಯೂಕ್ಲಿಯಸ್ ನೋಡಿ. ಟೆಲೋಫೇಸ್‌ನವು ಚಿಕ್ಕವು, ಗಾಢ ಬಣ್ಣದವು, ನಡುವಿನ ಗೋಡೆ ತೀರಾ ತೆಳು ಅಥವಾ ಅರ್ಧ ಮಾತ್ರ.

ಇನ್ನೊಂದು ಕೆಲಸ ಮಾಡಿ ನೋಡಿ. ಒಂದಷ್ಟು ಕೋಶ ಎಣಿಸಿ, ಯಾವ ಹಂತದಲ್ಲಿ ಎಷ್ಟಿವೆ ಎಂದು ಬರೆದುಕೊಳ್ಳಿ. ಬೇರಿನ ಕೋಶಗಳು ತಮ್ಮ ತಮ್ಮ ಪಾಡಿಗೆ ವಿಭಜನೆ ಆಗುತ್ತಿರುತ್ತವೆ, ಒಟ್ಟಿಗೆ ಅಲ್ಲ. ಹಾಗಾಗಿ ಒಂದು ಹಂತದಲ್ಲಿ ಸಿಗುವ ಕೋಶಗಳ ಪಾಲು ಆ ಹಂತಕ್ಕೆ ಹಿಡಿಯುವ ಸಮಯದ ಪಾಲನ್ನು ಹೆಚ್ಚೂಕಡಿಮೆ ತೋರಿಸುತ್ತದೆ. ಉದಾಹರಣೆಗೆ 200 ಕೋಶಗಳಲ್ಲಿ 12 ಪ್ರೋಫೇಸ್, 2 ಅನಾಫೇಸ್ ಸಿಕ್ಕರೆ, ಪ್ರೋಫೇಸ್‌ಗೆ ಅನಾಫೇಸ್‌ಗಿಂತ ಸುಮಾರು ಆರು ಪಟ್ಟು ಸಮಯ ಬೇಕು ಎಂದರ್ಥ. ನಿಂತ ಕೋಶಗಳಿಂದ ಓಡುವ ಸಮಯ ಅಳೆಯುವ ಈ ಉಪಾಯ ನನಗೆ ತುಂಬಾ ಇಷ್ಟ.

ಅನಾಫೇಸ್ ಒಂದೂ ಸಿಗಲಿಲ್ಲ ಎಂದರೆ ಬೇಜಾರು ಮಾಡಿಕೊಳ್ಳಬೇಡಿ, ಅದು ಬೇಗ ಮುಗಿಯುವ ಹಂತ. ವಿಭಜನೆಯೇ ಒಂದೂ ಕಾಣದಿದ್ದರೆ ತಪ್ಪು ಬೇರಿನ ಭಾಗದಲ್ಲಿರುತ್ತದೆ. ವಿಭಜನೆ ಆಗುವ ಕೋಶಗಳು ತುದಿಯ ಒಂದೆರಡು ಮಿಲಿಮೀಟರಿನಲ್ಲಿ ಮಾತ್ರ ಇರುತ್ತವೆ. ಅದಕ್ಕಿಂತ ಮೇಲಿನವು ಉದ್ದ ಬೆಳೆಯುವುದರಲ್ಲಿ ತೊಡಗಿರುತ್ತವೆ. ಕೋಶಗಳು ಉದ್ದುದ್ದ ಆಯತದಂತೆ ಕಂಡರೆ ನೀವು ಮೇಲಿನ ತುಂಡು ಕತ್ತರಿಸಿದ್ದೀರಿ. ಹೊಸ ಬೇರು ತೆಗೆದುಕೊಂಡು ತುದಿಯನ್ನಷ್ಟೇ ಇಟ್ಟುಕೊಳ್ಳಿ, ಕವರ್‌ಸ್ಲಿಪ್ ಅಲ್ಲಾಡದಂತೆ ನೇರವಾಗಿ ಒತ್ತಿ.